ಟವರ್ ಎದ್ದಿದೆ, ಫೋನ್ ಹೋಗುತ್ತದೆಯೇ? ಉತ್ತರ ಕನ್ನಡದ ಹೊಸ 4ಜಿ ಟವರ್‌ಗಳ ಸೇವೆ

ಘಟ್ಟದ ಮೇಲಿನ ಒಳಹಳ್ಳಿಗಳಲ್ಲಿ ಗುಡ್ಡದ ನೆತ್ತಿಯ ಮೇಲೆ ಕಾಣಿಸಿಕೊಳ್ಳುತ್ತಿರುವ ಹೊಸ ಟವರ್‌ಗಳಲ್ಲಿ ಹಲವು 4ಜಿ ಸ್ಯಾಚುರೇಶನ್ ಯೋಜನೆಯವು. 2022ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಯ ವೆಚ್ಚ 26,316 ಕೋಟಿ ರೂಪಾಯಿ, ಗುರಿ ದೇಶದಲ್ಲಿ ಸಿಗ್ನಲ್ ತಲುಪದ 24,680 ಹಳ್ಳಿ. ಕಟ್ಟುವ ಹೊಣೆ ಬಿಎಸ್‌ಎನ್‌ಎಲ್‌ನದು. ಜಾಗ ತೋರಿಸುವುದು, ಠರಾವು ಮಾಡುವುದು, ಕರೆಂಟು ಲೈನಿಗೆ ದಾರಿ ಬಿಡಿಸುವುದು ಪಂಚಾಯತ ಮತ್ತು ಕಂದಾಯ ಇಲಾಖೆಯ ಪಾಲು. ಸೇವೆಯ ಗುಣ ಅರ್ಧಕ್ಕರ್ಧ ಈ ಎರಡನೇ ಪಾಲಿನಲ್ಲೇ ನಿರ್ಧಾರವಾಗುತ್ತದೆ.

ಮೊದಲೇ ಹೇಳಿಬಿಡುವುದಾದರೆ: ಮಾತಿಗೆ, ಯುಪಿಐಗೆ, ಪಡಿತರ ಅಂಗಡಿಯ ಹೆಬ್ಬೆಟ್ಟಿನ ಯಂತ್ರಕ್ಕೆ ಈ ಟವರ್‌ಗಳು ಸಾಕು. ಮಕ್ಕಳ ವಿಡಿಯೋ ಪಾಠಕ್ಕೆ ಹಗಲು ಪರವಾಗಿಲ್ಲ, ಊರೆಲ್ಲ ಮೊಬೈಲ್ ಹಿಡಿದು ಕೂರುವ ಸಂಜೆ ಹೊತ್ತು ಕಷ್ಟ. ಆಷಾಢದ ಮಳೆಯಲ್ಲಿ ಇದೊಂದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ.

ಹೊಸ ಟವರ್‌ಗಳ ದೊಡ್ಡ ಗುಣ ಅವು ಬಳಸುವ 700 ಮೆಗಾಹರ್ಟ್ಸ್ ತರಂಗ, ಅಂದರೆ ಫೋನ್ ಡಬ್ಬಿಯ ಭಾಷೆಯಲ್ಲಿ ಬ್ಯಾಂಡ್ 28. ಮೆಗಾಹರ್ಟ್ಸ್ ಕಡಿಮೆ ಇದ್ದಷ್ಟೂ ತರಂಗ ಉದ್ದ, ತರಂಗ ಉದ್ದ ಇದ್ದಷ್ಟೂ ಮರ, ಗೋಡೆ, ಗುಡ್ಡದ ಅಂಚನ್ನು ದಾಟುವ ಶಕ್ತಿ ಹೆಚ್ಚು. ಒದ್ದೆ ಎಲೆ 2100 ಅಥವಾ 2300 ಮೆಗಾಹರ್ಟ್ಸನ್ನು ಚೆನ್ನಾಗಿಯೇ ನುಂಗುತ್ತದೆ, 700ನ್ನು ಅಷ್ಟು ನುಂಗುವುದಿಲ್ಲ. ಅಡಿಕೆ ತೋಟದ ಅಂಚಿನ ಮನೆಗೆ ಇದು ಬಹಳ ದೊಡ್ಡ ವ್ಯತ್ಯಾಸ. ಆದರೆ ನಮ್ಮ ತೋಟಗಳು ಕೊಳ್ಳದ ತಳದಲ್ಲಿವೆ, ಮನೆಗಳೂ ಅಲ್ಲೇ. ಎದುರಿನ ಗುಡ್ಡದ ಮಗ್ಗುಲಲ್ಲಿ ಟವರ್ ಇದ್ದರೆ ಸಿಗುತ್ತದೆ, ಬೆನ್ನ ಹಿಂದಿನ ಗುಡ್ಡದ ಆಚೆ ಇದ್ದರೆ ಒಂದೇ ಕಿಲೋಮೀಟರ್ ಆದರೂ ಸಿಗುವುದಿಲ್ಲ.

ಸಿಮ್ ಕೊಳ್ಳುವ ಮೊದಲು ಫೋನ್ ನೋಡಿ. ಒಳಹಳ್ಳಿಯ ಈ ಹೊಸ ಟವರ್‌ಗಳು 4ಜಿಗೆಂದೇ ಕಟ್ಟಿದವು. ಅಜ್ಜನ ಕೈಯಲ್ಲಿರುವ ಹಳೆಯ 2ಜಿ ಕೀಪ್ಯಾಡ್ ಸೆಟ್ಟಿಗೆ ಇವುಗಳಿಂದ ಸಿಗ್ನಲ್‌ನ ಒಂದು ಕಡ್ಡಿಯೂ ಬರುವುದಿಲ್ಲ. ‘4ಜಿ’ ಎಂದು ಬರೆದಿರುವ ಕೀಪ್ಯಾಡ್ ಫೋನ್‌ಗಳಲ್ಲೂ ಕೆಲವಕ್ಕೆ ಬ್ಯಾಂಡ್ 28 ಇಲ್ಲ. ಡಬ್ಬಿಯ ಮೇಲಿನ ಎಲ್‌ಟಿಇ (4ಜಿ) ಸಾಲಿನಲ್ಲಿ ಬಿ28 ಇದೆಯೇ ಎಂದು ಓದಿ, ಇಲ್ಲದಿದ್ದರೆ ಅಂಗಡಿಯವರಿಗೆ ವಾಪಸ್ ಕೊಡಿ. ಹಳೆಯ 2ಜಿ, 3ಜಿ ಸಿಮ್ ಇದ್ದರೆ 4ಜಿ ಸಿಮ್‌ಗೆ ಬದಲಿಸಿಕೊಳ್ಳಬೇಕು. ಫೋನಿನಲ್ಲಿ ವೋಲ್ಟೆ, ಅಂದರೆ 4ಜಿಯಲ್ಲೇ ಕರೆ ಮಾಡುವ ಸೌಲಭ್ಯ, ಆನ್ ಇರಬೇಕು. ಅದಿಲ್ಲದೆ ಇಂಟರ್ನೆಟ್ ಓಡಿದರೂ ಕರೆ ಹೋಗುವುದಿಲ್ಲ. ‘ನೆಟ್ ಬರ್ತದೆ, ಕಾಲ್ ಆಗ್ತಿಲ್ಲ’ ಎನ್ನುವ ದೂರಿಗೆ ಹೆಚ್ಚಾಗಿ ಇದೇ ಕಾರಣ.

ಬೇರೆ ಕಂಪನಿಯ ಸಿಮ್ ಇರುವವರು ಕೂಡಲೇ ಬದಲಿಸಬೇಕೆಂದಿಲ್ಲ. ಹಳ್ಳಿಗಾಡಿನ ದೂರಸಂಪರ್ಕಕ್ಕೆಂದು ಕೇಂದ್ರ ಇಟ್ಟಿರುವ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಎದ್ದ ಟವರ್‌ಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಗ್ರಾಹಕರು ಒಬ್ಬರ 4ಜಿಯನ್ನು ಇನ್ನೊಬ್ಬರು ಬಳಸುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ಕೊಟ್ಟಿದ್ದಾರೆ. ರೋಮಿಂಗ್ ಆನ್ ಮಾಡಿ, ನೆಟ್‌ವರ್ಕ್ ಆಯ್ಕೆ ಆಟೋಮ್ಯಾಟಿಕ್ ಇಟ್ಟು, ಫೋನ್ ಒಮ್ಮೆ ಆಫ್ ಮಾಡಿ ಹಾಕಿ ನೋಡಿ. ಹಿಡಿದರೆ ಸಿಮ್ ಖರ್ಚು ಉಳಿಯಿತು.

ಕಡ್ಡಿ ಎಣಿಸಿ ಸಿಗ್ನಲ್ ಅಳೆಯಬೇಡಿ. ಎಷ್ಟಿದ್ದರೆ ಎಷ್ಟು ಕಡ್ಡಿ ಎಂಬುದನ್ನು ಫೋನ್ ತಯಾರಿಸುವವರೇ ತಮಗೆ ತೋಚಿದಂತೆ ನಿಗದಿ ಮಾಡಿರುತ್ತಾರೆ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ *#*#4636#*#* ಒತ್ತಿ, ಸಿಗ್ನಲ್ ಬಲ ತಿಳಿಸುವ ಆರ್‌ಎಸ್‌ಆರ್‌ಪಿ ಎಂಬ ಅಂಕಿ ನೋಡಿ. ಮೈನಸ್ ಮುಂದಿನ ಅಂಕಿ ಚಿಕ್ಕದಿದ್ದಷ್ಟೂ ಸಿಗ್ನಲ್ ಬಲ ಹೆಚ್ಚು. ಮೈನಸ್ 95ರ ಒಳಗಿದ್ದರೆ ನಿಶ್ಚಿಂತೆ. ಮೈನಸ್ 110ರ ಹತ್ತಿರ ಬಂದರೆ ಮಾತು ತುಂಡಾಗುತ್ತದೆ. ಮೈನಸ್ 118 ದಾಟಿದರೆ ಕಡ್ಡಿ ಕಂಡರೂ ಕರೆ ಹೋಗುವುದು ಅದೃಷ್ಟ. ಟವರ್ ಹತ್ತಾರು ವ್ಯಾಟ್‌ನಲ್ಲಿ ಕೂಗುತ್ತದೆ, ಫೋನಿನ ದನಿ ಹೆಚ್ಚೆಂದರೆ 0.2 ವ್ಯಾಟ್. ಟವರ್ ಹೇಳುವುದು ನಿಮಗೆ ಕೇಳುತ್ತದೆ, ನೀವು ಹೇಳುವುದು ಅದಕ್ಕೆ ಕೇಳುವುದಿಲ್ಲ. ಜಗುಲಿ, ಅಂಗಳ, ಮಾಳಿಗೆ ಮೂರರಲ್ಲೂ ಅಂಕಿ ಬರೆದುಕೊಳ್ಳಿ. ಒಂದೇ ಮನೆಯೊಳಗೆ 10–15 ಅಂಕಿ ವ್ಯತ್ಯಾಸ ಬರುವುದು ಮಾಮೂಲು.

ಈ ಸೇವೆಯ ದೊಡ್ಡ ಕೊರತೆ ಕರೆಂಟು. ಟವರ್ ಓಡುವುದು 48 ವೋಲ್ಟ್ ಡಿಸಿಯಲ್ಲಿ. ಒಂದು ಸಣ್ಣ 4ಜಿ ಸೈಟು ಸುಮಾರು ಒಂದು ಕಿಲೋವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ, ಅಂದರೆ ಸುಮಾರು 20 ಆಂಪಿಯರ್. 300 ಆಂಪಿಯರ್ ಅವರ್‌ನ ಹೊಸ ಬ್ಯಾಟರಿ ಬ್ಯಾಂಕಿನಲ್ಲಿ ಶೇಕಡಾ 80 ಬಳಸಿದರೆ 12 ತಾಸು ಬರುತ್ತದೆ. ಲೈನಿನ ಮೇಲೆ ಮರ ಬಿದ್ದು ಹೆಸ್ಕಾಂ ಕರೆಂಟು ಎರಡು ದಿನ ಹೋದರೆ ಮೊದಲ ರಾತ್ರಿಯೇ ಟವರ್ ಸತ್ತಿರುತ್ತದೆ. ನಡುವೆ ಎರಡು ತಾಸು ಕರೆಂಟು ಬಂದು ಹೋದರೆ ಬ್ಯಾಟರಿ ಅರ್ಧವೂ ತುಂಬುವುದಿಲ್ಲ. ಹೀಗೆ ಪದೇ ಪದೇ ತಳ ಮುಟ್ಟಿದ ಲೆಡ್ ಆಸಿಡ್ ಬ್ಯಾಟರಿ ಬಲುಬೇಗ ಸೊರಗುತ್ತದೆ, 12 ತಾಸು ನಾಲ್ಕಕ್ಕೆ ಇಳಿಯುತ್ತದೆ. ಸೋಲಾರ್ ಪ್ಯಾನೆಲ್ ಇದ್ದರೂ ಜುಲೈನ ಮೋಡದಲ್ಲಿ ಅದರಿಂದ ಹೆಚ್ಚು ಸಿಗುವುದಿಲ್ಲ. ‘ಕರೆಂಟು ಹೋದ ಇಷ್ಟು ಹೊತ್ತಿಗೆ ಸಿಗ್ನಲ್ ಹೋಯಿತು’ ಎಂಬ ಲೆಕ್ಕ ಮಳೆಗಾಲವಿಡೀ ಬರೆದಿಟ್ಟರೆ ಬ್ಯಾಟರಿಯ ಆಯಸ್ಸು ಅದರಲ್ಲೇ ಗೊತ್ತಾಗುತ್ತದೆ.

ಎರಡನೆಯದು ಕರೆ, ಡೇಟಾ ಟವರ್‌ನಿಂದ ಹೊರಗೆ ಹೋಗುವ ದಾರಿ. ಫೈಬರ್ ಇದ್ದರೆ ವೇಗ ಚೆನ್ನಾಗಿದೆ, ಆದರೆ ರಸ್ತೆ ಕೆಲಸದ ಜೆಸಿಬಿ ಒಂದು ಗೀರು ಎಳೆದರೆ ಆ ಸಾಲಿನ ಟವರ್‌ಗಳೆಲ್ಲ ಮೌನ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ಒಂದೇ ರಸ್ತೆಯ ಅಂಚಿನಲ್ಲಿ ಹೋಗುವ ಫೈಬರನ್ನು ನಂಬಿದ ಟವರ್‌ಗೆ ಅಂಥ ದಿನ ಬೇರೆ ದಾರಿ ಬೇಕೇ ಬೇಕು. ಫೈಬರ್ ಬದಲು ಗಾಳಿಯಲ್ಲೇ ಮುಂದಿನ ಟವರ್‌ಗೆ ಕಳಿಸುವ ಮೈಕ್ರೋವೇವ್ ಡಿಶ್ ಇದ್ದಲ್ಲಿ ಜಡಿಮಳೆಗೆ ಲಿಂಕ್ ಕುಗ್ಗುತ್ತದೆ. ಕಡ್ಡಿ ಪೂರ್ತಿ ಇದ್ದು ಏನೂ ಓಡದಿದ್ದರೆ ತಪ್ಪು ಹೆಚ್ಚಾಗಿ ಇಲ್ಲಿರುತ್ತದೆ. ದೂರು ಕೊಡುವಾಗ ‘ಸಿಗ್ನಲ್ ಇಲ್ಲ’ ಎನ್ನದೆ ‘ಸಿಗ್ನಲ್ ಇದೆ, ಡೇಟಾ ಇಲ್ಲ’ ಎಂದೇ ಬರೆಸಿ.

ಕರಾವಳಿಯ ಕಾರವಾರ, ಅಂಕೋಲಾ, ಕುಮಟಾ ಕಡೆ ಉಪ್ಪುಗಾಳಿ ನಟ್ಟು ಬೋಲ್ಟು, ಕನೆಕ್ಟರ್‌ಗಳನ್ನು ತಿನ್ನುತ್ತದೆ. ಚಿರೆಕಲ್ಲಿನ ನೆಲದಲ್ಲಿ ಅರ್ಥಿಂಗ್ ಸರಿಯಾಗಿ ಕೂರುವುದಿಲ್ಲ, ಏಪ್ರಿಲ್‌–ಮೇ ಸಿಡಿಲಿಗೆ ಟವರ್ ಯಂತ್ರದೊಳಗಿನ ಕಾರ್ಡುಗಳು ಸುಡುತ್ತವೆ. ಅರ್ಥ್ ಗುಂಡಿ ಆಳವಾಗಿ ತೋಡಿ, ಬೇಸಿಗೆಯಲ್ಲಿ ನೀರು ಹಾಕುವ ವ್ಯವಸ್ಥೆ ಇದ್ದಲ್ಲಿ ಈ ತೊಂದರೆ ಕಡಿಮೆ.

ಇನ್ನು ಪಂಚಾಯತದ ಕೆಲಸ. ಬೇಕಾಗುವುದು ಒಂದೆರಡು ಗುಂಟೆ, ಆದರೆ ಯಾವ ಗುಂಟೆ ಎಂಬುದರಲ್ಲಿ ವರ್ಷಗಳು ಕಳೆಯುತ್ತವೆ. ಎತ್ತರ ಇದೆಯೆಂದು ಸೊಪ್ಪಿನ ಬೆಟ್ಟ ತೋರಿಸಿದರೆ ಕಡತ ನಿಂತೇಬಿಡುತ್ತದೆ. ಎಕರೆ ತೋಟಕ್ಕೆ ಒಂಬತ್ತು ಎಕರೆ ಎಂದು ಬಿಟ್ಟಿರುವ ಬೆಟ್ಟ ನಾವು ಸೊಪ್ಪು ತರುವ ಜಾಗ ಹೌದು, ಕಾಗದದಲ್ಲಿ ಅದು ಅರಣ್ಯವೇ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿ ಇಲ್ಲದೆ ಅಲ್ಲಿ ಗುಂಡಿ ತೆಗೆಯುವಂತಿಲ್ಲ. ಠರಾವಿಗೆ ಮೊದಲು ಪಹಣಿ ತೆಗೆಸಿ, ಅರಣ್ಯ ಅಥವಾ ಬೆಟ್ಟ ಎಂದು ಇದೆಯೇ ನೋಡಿ. ಮಾಲ್ಕಿ ಅಥವಾ ಕಂದಾಯ ಜಾಗ ಐವತ್ತು ಅಡಿ ತಗ್ಗಿನಲ್ಲಿದ್ದರೂ ಅದನ್ನೇ ಆರಿಸಿ. ಟ್ರಾನ್ಸ್‌ಫಾರ್ಮರ್ ಎಷ್ಟು ದೂರ, ಲಾರಿ ಮೇಲೆ ಹೋಗುತ್ತದೆಯೇ ಎಂಬುದನ್ನೂ ಅದೇ ಠರಾವಿನಲ್ಲಿ ಬರೆಯಿರಿ. ಕರೆಂಟು ಲೈನು ಅರಣ್ಯ ದಾಟಬೇಕಾಗಿ ಬಂದರೆ ಅದಕ್ಕೆ ಬೇರೆಯೇ ಅನುಮತಿ ಬೇಕು. ಟವರ್ ಎದ್ದು ಕರೆಂಟಿಲ್ಲದೆ ಒಣಗುವುದು ಹೀಗೆಯೇ.

ವಿಕಿರಣದ ಭಯ ಎಲ್ಲ ಗ್ರಾಮಸಭೆಯಲ್ಲೂ ಏಳುತ್ತದೆ. 2012ರ ಸೆಪ್ಟೆಂಬರ್ 1ರಿಂದ ನಮ್ಮ ದೇಶದ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ಯಾವ ಟವರ್ ಎಲ್ಲಿದೆ ಎಂಬುದು ತರಂಗ್ ಸಂಚಾರ್ ಪೋರ್ಟಲ್‌ನಲ್ಲಿದೆ, ಅನುಮಾನ ಇದ್ದರೆ ಅಲ್ಲೇ ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು.

ಕೊಳ್ಳದ ತಳದ ಮನೆಯವರಿಗೆ ಸದ್ಯಕ್ಕೆ ಟವರ್‌ಗಿಂತ ಫೈಬರ್ ಮೇಲು. ಅಡಿಕೆ ಮರದಿಂದ ಮರಕ್ಕೆ ಎಳೆದು ತಂದ ಎಳೆ ಮನೆಗೆ ಬಂದಿದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಕರೆ ಮಾಮೂಲಿ ನಂಬರಿನಿಂದಲೇ ಹೋಗುತ್ತದೆ. ಮೋಡೆಮ್‌ಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಕೂರಿಸಿದರೆ ಕರೆಂಟು ಹೋದ ಮೇಲೂ ಮೂರ್ನಾಲ್ಕು ತಾಸು ಮಾತಿಗೆ ತೊಂದರೆ ಇಲ್ಲ. ಕೊಳ್ಳುವಾಗ ಮೋಡೆಮ್‌ನ ಅಡಾಪ್ಟರ್ ಜೊತೆಗೆ ಒಯ್ಯಿರಿ. ಪಿನ್ನಿನ ಗಾತ್ರ ಮತ್ತು ಆಂಪಿಯರ್ ಎರಡೂ ಹೊಂದಬೇಕು.