ಎರೆ ಮಣ್ಣಿನ ಹಿತ್ತಲಿಗೆ ಕಾಂಕ್ರೀಟ್ ಹಾಕಿಸುವ ಮುನ್ನ: ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಆದದ್ದು

ಹುಬ್ಬಳ್ಳಿಯ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಿಗೆ ಕಳೆದ ವರ್ಷ ಏಪ್ರಿಲ್‌ನಲ್ಲಿ ಹಾಕಿಸಿದ ಕಾಂಕ್ರೀಟ್ ಹಾಸು ನವೆಂಬರ್ ಮುಗಿಯುವಷ್ಟರಲ್ಲಿ ಏಳು ಹೋಳಾಗಿ, ಹಿಂಬಾಗಿಲು ತೆರೆಯಲಾಗದಂತೆ ಎದ್ದು ನಿಂತಿತು. ಅದನ್ನು ಹಾಕಿಸಲು 38,000 ರೂಪಾಯಿ ಹೋಗಿತ್ತು. ಒಡೆಸಿ ಹೊರಗೆ ಸಾಗಿಸಲು ಮತ್ತೆ 14,000 ರೂಪಾಯಿ ಹೋಯಿತು. ಕೆಲಸ ಮಾಡಿದ ಗುತ್ತಿಗೆದಾರರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಈ ನಷ್ಟದಲ್ಲಿ ಅವರ ಅಸಡ್ಡೆಯ ಪಾಲು ಎಷ್ಟಿತ್ತೋ ನನ್ನ ಅಜ್ಞಾನದ ಪಾಲೂ ಅಷ್ಟೇ ಇತ್ತು. ಹುಬ್ಬಳ್ಳಿ, ನವಲಗುಂದ, ನರಗುಂದ, ಗದಗ, ವಿಜಯಪುರದ ಕಡೆ ಎರೆ ಭೂಮಿಯಲ್ಲಿ, ಅಂದರೆ ಅಂಟುವ ಕಪ್ಪು ಮಣ್ಣಿನ ನೆಲದಲ್ಲಿ, ಮನೆ ಕಟ್ಟಿಕೊಂಡು, ಹಿತ್ತಲಿಗೂ ಒಂದಿಷ್ಟು ಕಾಂಕ್ರೀಟ್ ಸುರಿಸಿಬಿಡೋಣ ಎಂದುಕೊಂಡಿರುವವರು ಮುಂಗಡ ಕೊಡುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಹಿತ್ತಲು 20 ಅಡಿ ಉದ್ದ, 14 ಅಡಿ ಅಗಲದ್ದು. ಮಳೆಗಾಲದಲ್ಲಿ ಅಲ್ಲಿ ಎರಡು ಹೆಜ್ಜೆ ಇಟ್ಟರೆ ಚಪ್ಪಲಿಯ ಕೆಳಗೆ ಇನ್ನೊಂದು ಚಪ್ಪಲಿಯಷ್ಟು ಮಣ್ಣು ಮೆತ್ತಿಕೊಳ್ಳುತ್ತಿತ್ತು. ಅವ್ವನಿಗೆ ಸಂಡಿಗೆ, ಕುರಡಿಗೆ ಹಾಕಲು, ಬ್ಯಾಡಗಿ ಮೆಣಸಿನಕಾಯಿ ಒಣಗಿಸಲು ಚೊಕ್ಕಟವಾದ ಜಾಗ ಬೇಕಿತ್ತು. ನನಗೆ ಸಂಜೆ ಕುರ್ಚಿ ಹಾಕಿಕೊಂಡು ಕೂಡುವ ಆಸೆಯಿತ್ತು. ಆದರೂ ಕಾಂಕ್ರೀಟ್ ಎಂದಾಗ ನವಲಗುಂದದ ರೈತರ ಮನೆಯಲ್ಲಿ ಹುಟ್ಟಿ ಬೆಳೆದ ಅವ್ವನೇ ಅನುಮಾನಿಸಿದ್ದಳು. "ತಮ್ಮಾ, ಎರಿ ಭೂಮಿ ಬ್ಯಾಸಿಗ್ಯಾಗ ಬಾಯಿ ತಗೀತೈತಿ, ಮಳಿ ಬಿದ್ದ ಮ್ಯಾಲ ಉಬ್ಬತೈತಿ. ಅದರ ಮ್ಯಾಲ ಏನ ಹೊಚ್ಚಿದ್ರೂ ಸುಮ್ಮ ಕೂಡೂದಿಲ್ಲ" ಎಂದಿದ್ದಳು. ಅದು ಹೊಲದ ಮಾತು, ಮನೆಯ ಮಾತಲ್ಲ ಎಂದು ನಾನು ತಿಳಿದೆ.

ಗುತ್ತಿಗೆದಾರರ ಜೊತೆ ನಾನು ಚರ್ಚಿಸಿದ್ದೆಲ್ಲ ಮೇಲಿನ ವಿಷಯಗಳನ್ನೇ: ಯಾವ ಕಂಪನಿಯ ಸಿಮೆಂಟ್, ಎಷ್ಟು ದಪ್ಪದ ರಾಡು, ಚದರ ಅಡಿಗೆ ಎಷ್ಟು. ಕೆಳಗಿನ ಮಣ್ಣನ್ನು ಏನು ಮಾಡುತ್ತೀರಿ ಎಂದು ಒಂದೇ ಒಂದು ಸಲವೂ ಕೇಳಲಿಲ್ಲ. ಬಂದ ಗೌಂಡಿ ಹಿತ್ತಲನ್ನೊಮ್ಮೆ ನೋಡಿ, "ಏನೂ ಆಗೂದಿಲ್ರಿ ಸರ, ಎಂಟ್ ಎಂ.ಎಂ. ರಾಡ್ ಹಾಕ್ತೀವಿ, ಲಾರಿ ನಿಂದರಿಸಿದ್ರೂ ತಡೀತೈತಿ" ಎಂದಾಗ ನನಗೆ ನೆಮ್ಮದಿಯೇ ಆಯಿತು. ಹುಲ್ಲು ಕೆತ್ತಿ, ನಾಲ್ಕು ಇಂಚು ಮಣ್ಣು ತೆಗೆದು, ಒಂದು ಪದರ ದಪ್ಪ ಖಡಿ ಹರಡಿದರು. ಏಪ್ರಿಲ್ ಬಿಸಿಲಿಗೆ ನೆಲದಲ್ಲಿ ನನ್ನ ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳಿದ್ದವು. ಖಡಿಯ ಸಣ್ಣ ಹರಳುಗಳು ಅವುಗಳೊಳಗೆ ಉರುಳಿ ಬೀಳುವ ಸಪ್ಪಳ ಕೇಳಿಸುತ್ತಿತ್ತು. ಅಲ್ಲಿಯೇ ನಾನು ಕೆಲಸ ನಿಲ್ಲಿಸಬೇಕಿತ್ತು.

ಕಾಂಕ್ರೀಟ್ ಸುರಿಯಲು ಆರಂಭಿಸಿದ್ದು ಮಧ್ಯಾಹ್ನ ಹನ್ನೊಂದರ ಮೇಲೆ. ಸಣ್ಣ ಮಿಕ್ಸರ್ ಯಂತ್ರಕ್ಕೆ ನೀರನ್ನು ಅಳತೆಯಿಲ್ಲದೆ ಪೈಪಿನಿಂದಲೇ ಬಿಡುತ್ತಿದ್ದರು, ಮಾಲು ಅಂಬಲಿಯ ಹಾಗೆ ತಾನೇ ಹರಿದು ಹೋಗುತ್ತಿತ್ತು, ಅದನ್ನು ಎಳೆದು ಸಮ ಮಾಡುವುದು ಅವರಿಗೆ ಸುಲಭವಾಗಿತ್ತು. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಎಂ-20 ದರ್ಜೆಯ ಕಾಂಕ್ರೀಟಿಗೆ 50 ಕೆ.ಜಿ.ಯ ಒಂದು ಚೀಲ ಸಿಮೆಂಟಿಗೆ ಗರಿಷ್ಠ 30 ಲೀಟರ್ ನೀರು, ಅಂದರೆ ಸರಿಸುಮಾರು ಎರಡು ಕೊಡ. ಉಸುಕು ಹಸಿಯಾಗಿದ್ದರೆ ಇನ್ನೂ ಕಡಿಮೆ. ಹೆಚ್ಚಾದ ನೀರು ಆವಿಯಾಗಿ ಹೋಗುವಾಗ ತಾನಿದ್ದ ಜಾಗವನ್ನು ಖಾಲಿ ಬಿಟ್ಟು ಹೋಗುತ್ತದೆ, ಕಾಂಕ್ರೀಟ್ ಅಷ್ಟರ ಮಟ್ಟಿಗೆ ಟೊಳ್ಳಾಗುತ್ತದೆ, ಕುಗ್ಗಿ ಬಿರಿಯುತ್ತದೆ. ಕೊನೆಗೆ ಮೇಲೆ ತೇಲಿದ ನೀರನ್ನು ಹೀರಿಸಲು ಒಣ ಸಿಮೆಂಟ್ ಪುಡಿ ಉದುರಿಸಿ ಕರಣೆಯಿಂದ ಕನ್ನಡಿಯ ಹಾಗೆ ತಿಕ್ಕಿದರು. ಅಂದು ನೋಡಲು ಬಹಳ ಚೆನ್ನಾಗಿತ್ತು. ಎರಡು ತಿಂಗಳಲ್ಲಿ ಆ ನುಣುಪು ಪದರವೇ ಜೇಡರ ಬಲೆಯಂತೆ ಬಿರಿದು ಚಕ್ಕೆ ಚಕ್ಕೆಯಾಗಿ ಏಳತೊಡಗಿತು. ಅದಕ್ಕೂ ಮೊದಲು ಅವ್ವ ಅದರ ಮೇಲೆ ಒಮ್ಮೆ ಜಾರಿ ಬಿದ್ದಿದ್ದಳು.

ಆ ದಿನ ಖಾಲಿಯಾದ ಚೀಲಗಳು ಹದಿಮೂರು. ಎಣಿಸಿದ್ದೆ, ಆದರೆ ಲೆಕ್ಕ ಮಾಡಲಿಲ್ಲ. 280 ಚದರ ಅಡಿಗೆ ಒಪ್ಪಿಕೊಂಡಂತೆ ನಾಲ್ಕು ಇಂಚು ದಪ್ಪ ಹಾಕಿದರೆ ಸುಮಾರು 93 ಘನ ಅಡಿ ಕಾಂಕ್ರೀಟ್ ಬೇಕು, ಅಂದರೆ 2.6 ಘನ ಮೀಟರ್. ಸಿಮೆಂಟ್ ಒಂದು, ಉಸುಕು ಒಂದೂವರೆ, ಖಡಿ ಮೂರು ಎಂಬ ಪ್ರಮಾಣದಲ್ಲಿ ಒಂದು ಘನ ಮೀಟರಿಗೆ ಸುಮಾರು ಎಂಟು ಚೀಲ ಸಿಮೆಂಟ್ ಹಿಡಿಯುತ್ತದೆ. ಒಟ್ಟು ಇಪ್ಪತ್ತೊಂದು ಚೀಲ ಬೇಕಾಗಿದ್ದಲ್ಲಿ ಹದಿಮೂರು ಖರ್ಚಾಗಿದ್ದರೆ ಒಂದೋ ಮಾಲು ತೆಳುವು, ಇಲ್ಲವೇ ಹಾಸು ತೆಳುವು. ನಮ್ಮಲ್ಲಿ ಎರಡೂ ಆಗಿದ್ದವು. ಇಷ್ಟು ಗುಣಾಕಾರವನ್ನು ಕೆಲಸ ಶುರುವಾಗುವ ಹಿಂದಿನ ರಾತ್ರಿಯೇ ಕಾಗದದ ಮೇಲೆ ಮಾಡಿಟ್ಟುಕೊಂಡಿದ್ದರೆ ಸಂಜೆ ಹಣ ಕೊಡುವ ಹೊತ್ತಿಗೆ ಕೇಳಲು ನನ್ನಲ್ಲಿ ಒಂದು ಪ್ರಶ್ನೆಯಾದರೂ ಇರುತ್ತಿತ್ತು.

ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ಗಟ್ಟಿಯಾಗುವವರೆಗೆ ಹಸಿಯಾಗಿಡುವ ವಿಷಯದಲ್ಲಿ ತಪ್ಪು ಪೂರ್ತಿ ನನ್ನದೇ. ನಳದ ನೀರು ವಾರಕ್ಕೊಮ್ಮೆ ಬರುವ ಕಡೆ ಏಪ್ರಿಲ್‌ನಲ್ಲಿ ಈ ಕೆಲಸ ಹಿಡಿಯಬಾರದಿತ್ತು. ಮಾಮೂಲಿ ಸಿಮೆಂಟಿಗೆ ಕನಿಷ್ಠ ಏಳು ದಿನ, ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ ಹತ್ತು ದಿನ, ಒಣ ಬಿಸಿಲಿನ ಕಾಲದಲ್ಲಿ ಹದಿನಾಲ್ಕು ದಿನ ಹಾಸು ಸತತವಾಗಿ ಹಸಿಯಾಗಿರಬೇಕು. ನಾನು ಮೂರು ದಿನ, ಬೆಳಿಗ್ಗೆ ಸಂಜೆ ಬಕೆಟ್‌ನಿಂದ ನೀರು ಚಿಮುಕಿಸಿದೆ. ಗೋಣಿಚೀಲ ಹೊದಿಸಿದ್ದರೆ, ಅಥವಾ ಸುತ್ತ ಮಣ್ಣಿನ ಸಣ್ಣ ಒಡ್ಡು ಕಟ್ಟಿ ನೀರು ನಿಲ್ಲಿಸಿದ್ದರೆ, ಅದೇ ನೀರಿನಲ್ಲಿ ಎರಡು ವಾರ ಸಾಗುತ್ತಿತ್ತು.

ಇಷ್ಟೆಲ್ಲ ಕೊರತೆಗಳಿದ್ದರೂ ಗಟ್ಟಿ ಮಣ್ಣಿನ ಮೇಲಿದ್ದಿದ್ದರೆ ಆ ಹಾಸು ಅಲ್ಲಲ್ಲಿ ಬಿರಿದು, ಕುಂಟುತ್ತ ಐದಾರು ವರ್ಷ ಬಾಳುತ್ತಿತ್ತೇನೋ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಿಜವಾದ ತೊಂದರೆ ಶುರುವಾಯಿತು. ನೀರು ಕಾಂಪೌಂಡಿನ ಕಡೆ ಹರಿಯಬೇಕಾದರೆ ಹದಿನಾಲ್ಕು ಅಡಿ ಅಗಲಕ್ಕೆ ಸುಮಾರು ಮೂರು ಇಂಚು ಇಳಿಜಾರು ಕೊಡಬೇಕಿತ್ತು. ಗೌಂಡಿ ಲೆವಲ್ ಪೈಪ್ (ಮಟ್ಟ ನೋಡುವ ನೀರು ತುಂಬಿದ ಕೊಳವೆ) ಹಿಡಿಯದೆ ಕಣ್ಣಳತೆಯಲ್ಲಿ ಎಳೆದಿದ್ದರಿಂದ ನೀರೆಲ್ಲ ತಿರುಗಿ ಅಡುಗೆಮನೆಯ ಗೋಡೆಯ ಬುಡಕ್ಕೆ ಬಂದು ನಿಂತಿತು, ಅಲ್ಲಿಂದ ಹಾಸಿನ ಅಂಚಿನ ಕೆಳಗೆ ಇಳಿಯಿತು. ಜುಲೈನಲ್ಲಿ ಅಂಚುಗಳು ಎದ್ದು ನಡುಭಾಗ ತಗ್ಗಾಗಿ ಹಾಸು ತಟ್ಟೆಯ ಆಕಾರಕ್ಕೆ ತಿರುಗಿತು. ಹೊರಗೆ ತೆರೆಯುವ ಹಿಂಬಾಗಿಲಿನ ಕಬ್ಬಿಣದ ಜಾಳಿಗೆ ನೆಲಕ್ಕೆ ಉಜ್ಜಿ ಕಿರುಗುಡತೊಡಗಿತು. ಎಲ್ಲಕ್ಕಿಂತ ಹೆಚ್ಚು ಎದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಮೂಲೆ, ಅಲ್ಲಿ ದಿನಾಲೂ ನೀರು ಬೀಳುತ್ತದೆ. ಆಗಸ್ಟ್‌ನಲ್ಲಿ ಬಚ್ಚಲಿನ ನೀರು ಕಟ್ಟಿಕೊಂಡಾಗ ಇನ್ನೊಂದು ಸಂಗತಿ ಗೊತ್ತಾಯಿತು: ಕೊಳಚೆ ಪೈಪಿನ ಚೇಂಬರನ್ನು ಅದರ ಮುಚ್ಚಳದ ಸಮೇತ ಕಾಂಕ್ರೀಟಿನಡಿ ಹೂತುಬಿಟ್ಟಿದ್ದರು. ಅದು ಎಲ್ಲಿದೆಯೆಂದು ಹುಡುಕಲು ಮೂರು ಕಡೆ ಒಡೆಯಬೇಕಾಯಿತು. ನವೆಂಬರ್ ವೇಳೆಗೆ ನಡುಭಾಗವೂ ಉಬ್ಬಿ ಬಂದು, ಹಾಸು ಏಳು ಹೋಳಾಗಿ, ಜಾಳಿಗೆಯ ಬಾಗಿಲು ಅರ್ಧಕ್ಕೇ ನಿಂತಿತು.

ಮನೆಗೆ ಏನೂ ಆಗಲಿಲ್ಲ, ಹಿತ್ತಲಷ್ಟೇ ಏಕೆ ಎದ್ದಿತು ಎಂಬುದನ್ನು ವಿವರಿಸಿದವರು ನಿವೃತ್ತ ಇಂಜಿನಿಯರ್ ಆಗಿರುವ ನನ್ನ ಸೋದರಮಾವ. ನಮ್ಮ ಮನೆ ನಿಂತಿರುವುದು ಅಂಡರ್‌ರೀಮ್ಡ್ ಪೈಲ್‌ಗಳ ಮೇಲೆ. ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಈ ಕಾಂಕ್ರೀಟ್ ಕಂಬಗಳನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಭೂಮಿಗೆಂದೇ ಬೆಳೆಸಿತು, ಅವು ಸಾಮಾನ್ಯವಾಗಿ ಮೂರೂವರೆ ಮೀಟರ್‌ನಷ್ಟು ಕೆಳಗೆ, ಬೇಸಿಗೆ ಮಳೆಗಾಲಗಳಿಗೆ ಮಣ್ಣು ಅಷ್ಟಾಗಿ ಮಿಸುಕದ ಆಳಕ್ಕೆ ಇಳಿಯುತ್ತವೆ. ಹಾಸಾದರೋ ಮಿಸುಕುವ ಮಣ್ಣಿನ ನೆತ್ತಿಯ ಮೇಲೆಯೇ ಕೂತಿತ್ತು. ಎರೆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಕಣಗಳು ಪದರ ಪದರವಾಗಿದ್ದು, ನೀರು ಆ ಪದರಗಳ ನಡುವೆ ಹೊಕ್ಕು ಅವನ್ನು ದೂರ ತಳ್ಳುತ್ತದೆ. ಒಣಗಿ ಬಾಯಿಬಿಟ್ಟಿರುವ ನೆಲದ ಮೇಲೆ ಏಪ್ರಿಲ್‌ನಲ್ಲಿ ಕಾಂಕ್ರೀಟ್ ಹಾಕಿದರೆ ಮೊದಲ ಮಳೆಗೆ ಅಂಚಿನ ಮಣ್ಣು ಉಬ್ಬುತ್ತದೆ. ಒಳಗೆ ಇಳಿದ ತೇವ ಮೇಲಿನ ಮುಚ್ಚಳದಿಂದಾಗಿ ಆವಿಯಾಗಲಾರದೆ ನಿಧಾನವಾಗಿ ನಡುವಿಗೆ ಸೇರಿ ತಿಂಗಳುಗಳ ಮೇಲೆ ಅದನ್ನೂ ಎತ್ತುತ್ತದೆ. ಎಂಟು ಎಂ.ಎಂ. ರಾಡುಗಳು ಇದನ್ನು ತಡೆಯುವ ಮಾತೇ ಇಲ್ಲ.

ನನಗೆ ನಂಬಿಕೆ ಬರಲೆಂದು ಅವರು ಒಂದು ಪರೀಕ್ಷೆ ಮಾಡಿ ತೋರಿಸಿದರು. ಹಿತ್ತಲ ಮಣ್ಣನ್ನು ಒಣಗಿಸಿ, ಕುಟ್ಟಿ, ಸಣ್ಣ ಜರಡಿಯಲ್ಲಿ ಸೋಸಿ, ಹತ್ತು ಹತ್ತು ಗ್ರಾಮಿನಂತೆ ಎರಡು ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ ತುಂಬಿ ಕಲಕಿ ಒಂದು ಹಗಲು ಒಂದು ರಾತ್ರಿ ಬಿಟ್ಟರು. ಚಿಮಣಿ ಎಣ್ಣೆಗೆ ಈ ಮಣ್ಣು ಉಬ್ಬುವುದಿಲ್ಲ. ಮರುದಿನ ನೋಡಿದರೆ ಎಣ್ಣೆಯ ಜಾಡಿಯಲ್ಲಿ ಮಣ್ಣು ಹನ್ನೊಂದನೆಯ ಗೆರೆಯಲ್ಲಿತ್ತು, ನೀರಿನ ಜಾಡಿಯಲ್ಲಿ ಇಪ್ಪತ್ತೊಂದರಲ್ಲಿ. ಈ ವ್ಯತ್ಯಾಸ ಎಣ್ಣೆಯ ಜಾಡಿಯ ಅಳತೆಯ ಶೇಕಡ 50 ದಾಟಿದರೆ ಸಾಕು, ಎಚ್ಚರ ವಹಿಸಬೇಕು. ನಮ್ಮದು 90ರ ಮೇಲಿತ್ತು. ಮಣ್ಣು ಪರೀಕ್ಷಾ ಪ್ರಯೋಗಾಲಯಗಳು ಇದನ್ನು ಫ್ರೀ ಸ್ವೆಲ್ ಪರೀಕ್ಷೆ ಎನ್ನುತ್ತವೆ. ಯಾರಿಗೇ ಆಗಲಿ, 38,000 ರೂಪಾಯಿಯ ಕೆಲಸಕ್ಕೆ ಮೊದಲು ಇದನ್ನು ಮಾಡಿಸಿಕೊಳ್ಳಿ ಎಂದು ಒತ್ತಾಯಿಸಿ ಹೇಳುತ್ತೇನೆ.

ಡಿಸೆಂಬರ್‌ನಲ್ಲಿ ಒಡೆಸಿದಾಗ ಉಳಿದದ್ದೆಲ್ಲ ಬಯಲಾಯಿತು. ಹಾಸಿನ ದಪ್ಪ ಬಾಗಿಲ ಬಳಿ ನಾಲ್ಕು ಇಂಚು, ಯಾರೂ ನೋಡದ ಕಾಂಪೌಂಡಿನ ಮೂಲೆಯಲ್ಲಿ ಎರಡೂವರೆ ಇಂಚು. ರಾಡುಗಳನ್ನು ನೆಲದಿಂದ ಎತ್ತಿ ಹಿಡಿಯುವ ಸಣ್ಣ ಕವರ್ ಬ್ಲಾಕ್‌ಗಳನ್ನು ಕೆಳಗೆ ಇಡದೆ ನೆಲದ ಮೇಲೇ ಹಾಸಿದ್ದರಿಂದ ಅವು ಕಾಂಕ್ರೀಟಿನೊಳಗೆ ಸೇರಿರಲೇ ಇಲ್ಲ. ಹೋಳುಗಳನ್ನು ಎತ್ತಿದಾಗ ರಾಡುಗಳು ನೆಲದಲ್ಲೇ ಉಳಿದವು, ತುಕ್ಕು ಹಿಡಿದು, ಒದ್ದೆ ಎರೆಯಲ್ಲಿ ಚೌಕುಳಿ ಚೌಕುಳಿಯಾಗಿ ಅಚ್ಚೊತ್ತಿಕೊಂಡು. ಬಿರುಕು ನಾವು ಹೇಳಿದ ಕಡೆಯೇ ಬರುವಂತೆ ಎಂಟರಿಂದ ಹನ್ನೆರಡು ಅಡಿಗೊಂದು ಜಾಯಿಂಟ್ ಕೊಯ್ಯಬೇಕಿತ್ತು, ಅದೂ ಹಾಸಿನ ದಪ್ಪದ ಕಾಲುಭಾಗದಷ್ಟು ಆಳಕ್ಕೆ, ಒಂದೂ ಇರಲಿಲ್ಲ. ಮನೆಯ ಗೋಡೆಗೂ ಕಾಂಪೌಂಡಿಗೂ ಅರ್ಧ ಇಂಚು ಸಂದು ಬಿಡದೆ ಒತ್ತಿ ಸುರಿದಿದ್ದರಿಂದ, ಆಳವಿಲ್ಲದ ಪಾಯದ ಮೇಲಿರುವ ಕಾಂಪೌಂಡ್ ಗೋಡೆ ಹೊರಕ್ಕೆ ವಾಲಿ ಎರಡು ಕಡೆ ಬಿರಿದಿದೆ. ಅದರ ದುರಸ್ತಿ ಇನ್ನೂ ಬಾಕಿ.

ಇನ್ನು ಮಾಡಬೇಕಾದದ್ದೇನು? ಎರೆ ಮಣ್ಣನ್ನು ಎರಡು ಮೂರು ಅಡಿಯಾದರೂ ತೆಗೆಸಿ, ಆ ಜಾಗಕ್ಕೆ ಗರಸು (ಮುರ್ರಂ ಮಣ್ಣು) ತುಂಬಿಸಬೇಕು. ಉಬ್ಬದ, ಆದರೆ ಒಂದಿಷ್ಟು ಅಂಟಿರುವ ಮಣ್ಣಿನ ಪದರವನ್ನು ಎರೆಯ ಮೇಲೆ ಹಾಕಿದರೆ ಕೆಳಗಿನ ಉಬ್ಬು ಹಿಡಿತಕ್ಕೆ ಬರುತ್ತದೆ ಎಂಬುದನ್ನು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿಯವರು ತೋರಿಸಿಕೊಟ್ಟಿದ್ದರು, ನಮ್ಮದೇ ಮಲಪ್ರಭಾ ಕಾಲುವೆಯ ಕೆಲಸದಲ್ಲಿ ಆ ವಿಧಾನ ಬಳಕೆಯಾಗಿದೆ ಎಂದು ಮಾವ ಹೇಳಿದರು. ಬರೀ ಉಸುಕು ಅಥವಾ ದಪ್ಪ ಖಡಿ ತುಂಬಿಸಿದರೆ ಸಾಲದು. ಅದರ ಸಂದುಗಳಲ್ಲಿ ನೀರು ತುಂಬಿಕೊಂಡು ಕೆಳಗಿನ ಎರೆಗೆ ಇಳಿಯುತ್ತಲೇ ಇರುತ್ತದೆ. ಗರಸನ್ನಾದರೂ ಒಮ್ಮೆಲೇ ಸುರಿಯಬಾರದು: ಆರು ಇಂಚಿಗೊಂದು ಪದರ, ಪ್ರತಿ ಪದರಕ್ಕೂ ಹದವಾಗಿ ನೀರು, ದಿಮ್ಮಸಿನ ಪೆಟ್ಟು. ನಾವು ಎರಡೂವರೆ ಅಡಿ ತೆಗೆಸಿ ಹೀಗೆಯೇ ತುಂಬಿಸಿದೆವು. ಹಾಗೆ ಮಾಡಿದ ಮೇಲೆಯೂ ಮತ್ತೆ ಕಾಂಕ್ರೀಟ್ ಹಾಕಿಸಲು ನನಗೆ ಧೈರ್ಯ ಬರಲಿಲ್ಲ. ಗರಸಿನ ಮೇಲೆ ತೆಳುವಾಗಿ ಉಸುಕು ಹರಡಿ ಶಹಾಬಾದ್ ಫರ್ಸಿ ಕೂಡಿಸಿದೆವು. ಇಳಿಜಾರನ್ನು ನಾನೇ ಲೆವಲ್ ಪೈಪ್ ಹಿಡಿದು ಗುರುತು ಹಾಕಿಕೊಟ್ಟೆ, ಚೇಂಬರಿನ ಮುಚ್ಚಳವನ್ನು ಫರ್ಸಿಯ ಮಟ್ಟಕ್ಕೆ ಎತ್ತಿಸಿದೆ, ಒಗೆಯುವ ಕಲ್ಲಿನ ನೀರು ಪೈಪಿನಲ್ಲಿ ನೇರವಾಗಿ ಗಟಾರಕ್ಕೆ ಹೋಗುವಂತೆ ಮಾಡಿಸಿದೆ.

ಹಣದ ವಿಷಯ ಚಿಕ್ಕದು. ಕಾಂಕ್ರೀಟ್ ಸುರಿದ ಸಂಜೆಯೇ ನಾನು ಹತ್ತರಲ್ಲಿ ಒಂಬತ್ತು ಪಾಲು ಕೊಟ್ಟಾಗಿತ್ತು, ದಪ್ಪವಾಗಲಿ ಮಾಲಿನ ಪ್ರಮಾಣವಾಗಲಿ ಯಾವ ಕಾಗದದ ಮೇಲೂ ಇರಲಿಲ್ಲ. ಜುಲೈವರೆಗೆ ಗುತ್ತಿಗೆದಾರರು ಫೋನ್ ಎತ್ತಿ "ಮಳಿ ನಿಂದರಲಿ ಸರ, ಬಂದು ನೋಡ್ತೇನಿ" ಎನ್ನುತ್ತಿದ್ದರು; ಆಮೇಲೆ ಫೋನೂ ಎತ್ತಲಿಲ್ಲ. ಇಂತಹ ಕೆಲಸಕ್ಕೆ ಕಾಲುಭಾಗವನ್ನಾದರೂ ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳುವ ಮಾತನ್ನು ಮೊದಲೇ ಬರೆಸಿಕೊಳ್ಳಿ, ಒಪ್ಪದಿದ್ದವರನ್ನು ಅಲ್ಲಿಗೇ ಬಿಡಿ.

ಈ ವರ್ಷದ ಮಳೆಗೆ ತೊಟ್ಟಿಯ ಬದಿಯ ನಾಲ್ಕು ಫರ್ಸಿಗಳು ಬೆರಳ ದಪ್ಪದಷ್ಟು ಮೇಲೆದ್ದವು. ಒಬ್ಬ ಗೌಂಡಿ ಬಂದು ಅವನ್ನು ಎತ್ತಿ, ಕೆಳಗಿನ ಉಸುಕು ಸರಿಪಡಿಸಿ, ಮತ್ತೆ ಕೂಡಿಸಿ ಹೋದರು. ಅರ್ಧ ದಿನದ ಕೂಲಿ. ಹಳೆಯ ಹಾಸಿನ ಎರಡೂವರೆ ಇಂಚಿನ ಹೋಳೊಂದನ್ನು ಮಾತ್ರ ಹೊರಗೆ ಸಾಗಿಸದೆ ಹಿಂಬಾಗಿಲ ಹತ್ತಿರ ಇಟ್ಟುಕೊಂಡಿದ್ದೇನೆ. ಬಡಾವಣೆಯಲ್ಲಿ ಯಾರಾದರೂ ಹಿತ್ತಲಿಗೆ ಕಾಂಕ್ರೀಟ್ ಹಾಕಿಸಬೇಕೆಂದು ವಿಚಾರಿಸಲು ಬಂದರೆ, ಅವ್ವ ಚಹಾ ಇಡುವ ಮೊದಲು ಅವರ ಕೈಗೆ ಅದನ್ನು ಕೊಡುತ್ತಾಳೆ.