ಡಬಲ್ ಸ್ಟ್ಯಾಂಡ್ ಇಲ್ಲದ ಬೈಕು: ಆರು ವರ್ಷ, 47,600 ಕಿ.ಮೀ.

ಬೈಕಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಕಂಪನಿಯ ಅಭಿಮಾನಿಗಳು ಒಂದು ಕಡೆ, ಬೇರೆಯವರು ಇನ್ನೊಂದು ಕಡೆ ನಿಂತುಬಿಡುತ್ತಾರೆ. ಅದೂ ಅಲ್ಲದೆ ನನ್ನ ದೂರು ಈ ಒಂದೇ ಬೈಕಿನದ್ದಲ್ಲ. ಎರಡು ಸಿಲಿಂಡರ್, ಮಧ್ಯಮ ಗಾತ್ರ, ನೋಡಲು ಸ್ಪೋರ್ಟ್ಸ್ ಬೈಕಿನ ಗತ್ತು, ಓಡಿಸಲು ಆರಾಮ. ಅಂಥದ್ದೊಂದು ಅಂದುಕೊಳ್ಳಿ. ಹೊಸದಾಗಿ ಕೊಂಡು ಆರು ವರ್ಷ ಆಯಿತು. ಮೀಟರ್ 47,600 ತೋರಿಸುತ್ತಿದೆ. ಪವರ್ ಎಷ್ಟು, ಟಾರ್ಕ್ ಎಷ್ಟು ಅನ್ನೋದೆಲ್ಲ ನೀವೇ ಓದಿರುತ್ತೀರಿ, ಅದನ್ನು ಬಿಡೋಣ. ಕೊಳ್ಳುವ ಮೊದಲು ನನಗೆ ಯಾರೂ ಹೇಳದ ಒಂದು ವಿಷಯ ಇದೆ. ಇದಕ್ಕೆ ಡಬಲ್ ಸ್ಟ್ಯಾಂಡ್ ಇಲ್ಲ.

ಇಷ್ಟೇನಾ ಅಂತ ನಗಬೇಡಿ. ಶೋರೂಮಿನಲ್ಲಿ ನಾನೂ ಗಮನಿಸಿರಲಿಲ್ಲ. ಟ್ಯಾಂಕ್ ಸವರಿದೆ, ಹ್ಯಾಂಡಲ್ ಹಿಡಿದು ಕೂತೆ, ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ. ಬಗ್ಗಿ ಹೊಟ್ಟೆ ಕೆಳಗೆ ನೋಡಲಿಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಎಂಜಿನ್ನಿನ ಬಗ್ಗೆ ಒಂದೇ ಒಂದು ದೂರಿಲ್ಲ. ಇದು 270 ಡಿಗ್ರಿ ಕ್ರ್ಯಾಂಕಿನ ಎಂಜಿನ್. ಕ್ರ್ಯಾಂಕ್ ಅಂದರೆ ಪಿಸ್ಟನ್ ಮೇಲೆ ಕೆಳಗೆ ಆಡುವುದನ್ನು ಸುತ್ತು ತಿರುಗುವುದಾಗಿ ಬದಲಿಸುವ ದಂಡ. ಎರಡು ಸಿಲಿಂಡರ್ ಸಮ ಅಂತರದಲ್ಲಿ ಉರಿಯುವುದಿಲ್ಲ. ಒಂದು ಉರಿದ 270 ಡಿಗ್ರಿಗೆ ಇನ್ನೊಂದು, ಆಮೇಲೆ 450 ಡಿಗ್ರಿ ಬಿಡುವು. ಎರಡು ಸಿಲಿಂಡರ್ ವಿ ಆಕಾರದಲ್ಲಿ ಕೂತಿರುವ 90 ಡಿಗ್ರಿ ವಿ-ಟ್ವಿನ್ ಎಂಜಿನ್ನಿನಲ್ಲೂ ಇದೇ ಲೆಕ್ಕ. ಅದಕ್ಕೇ ಸದ್ದಿನಲ್ಲಿ ಒಂದು ಕುಂಟು ಲಯ ಇದೆ. ಯಮಹಾ 1995ರಲ್ಲಿ ಟಿಆರ್‌ಎಕ್ಸ್850 ಬೈಕಿನಲ್ಲಿ ಈ ಕ್ರ್ಯಾಂಕ್ ಹಾಕಿತ್ತು. ಈಗ ಎಷ್ಟೋ ಕಂಪನಿಗಳು ಇದನ್ನೇ ಹಾಕುತ್ತಿವೆ. ಬೆಳಿಗ್ಗೆ ಆಫೀಸಿಗೆ ಹೊರಟಾಗ ಎರಡನೇ ಗೇರಿನಲ್ಲಿ ಈ ಸದ್ದು ಕೇಳುತ್ತಾ ಹೋಗುವುದು ಆರು ವರ್ಷವಾದರೂ ಬೇಜಾರಾಗಿಲ್ಲ. ಸೀಟು ಗಟ್ಟಿ, ಎರಡು ಗಂಟೆಗೊಮ್ಮೆ ಇಳಿಯಲೇಬೇಕು. ಹೆಡ್‌ಲೈಟ್ ಪರವಾಗಿಲ್ಲ. ಬ್ರೇಕ್ ಚೆನ್ನಾಗಿದೆ. ಸರಿ, ಮುಗೀತು.

ಈಗ ಸ್ಟ್ಯಾಂಡು.

ಬೈಕು ತಂದ ಎರಡನೇ ವಾರ ಚೈನಿಗೆ ಲ್ಯೂಬ್ ಹೊಡೆಯಲು ಕೂತೆ. ಹಳೆಯ ಚಿಕ್ಕ ಬೈಕಿನಲ್ಲಿ ಇದು ಐದು ನಿಮಿಷದ ಕೆಲಸ. ಡಬಲ್ ಸ್ಟ್ಯಾಂಡ್ ಹಾಕು, ಎಡಗೈಯಲ್ಲಿ ಚಕ್ರ ತಿರುಗಿಸು, ಬಲಗೈಯಲ್ಲಿ ಸ್ಪ್ರೇ ಮಾಡು. ಇಲ್ಲಿ ಚಕ್ರ ನೆಲಕ್ಕೆ ಅಂಟಿಕೊಂಡಿದೆ. ಕೈಗೆ ಸಿಗುವ ಒಂದು ಗೇಣು ಚೈನಿಗೆ ಹೊಡೆಯಬೇಕು, ಎದ್ದು ಸೈಡ್ ಸ್ಟ್ಯಾಂಡ್ ತೆಗೆಯಬೇಕು, 200 ಕೆ.ಜಿ. ಬೈಕನ್ನು ಒಂದಡಿ ತಳ್ಳಬೇಕು, ಮತ್ತೆ ಸ್ಟ್ಯಾಂಡ್ ಹಾಕಿ ಕೂರಬೇಕು.

ಲೆಕ್ಕ ಹಾಕಿ ನೋಡಿದೆ. ನನ್ನ ಚೈನಿಗೆ 114 ಲಿಂಕ್, ಚೈನು ಕೂರುವ ಹಿಂದಿನ ಹಲ್ಲಿನ ಚಕ್ರಕ್ಕೆ, ಅಂದರೆ ಸ್ಪ್ರಾಕೆಟ್ಟಿಗೆ, 44 ಹಲ್ಲು. ಪೂರ್ತಿ ಚೈನು ಒಂದು ಸುತ್ತು ಬರಬೇಕಾದರೆ ಹಿಂದಿನ ಚಕ್ರ ಎರಡೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಬೇಕು. ಅಂದರೆ ಬೈಕು ಸುಮಾರು 5 ಮೀಟರ್ ಮುಂದೆ ಹೋಗಬೇಕು. ನಾನು ನಿಲ್ಲಿಸುವ ಜಾಗದಲ್ಲಿ ಬೈಕು ಬಿಟ್ಟರೆ ಉಳಿಯುವುದು 2 ಮೀಟರ್ ಚಿಲ್ಲರೆ. ಹಿಂದಕ್ಕೆ ತಳ್ಳಿದರೆ ಆಗಲೇ ಲ್ಯೂಬ್ ಹೊಡೆದ ಭಾಗವೇ ವಾಪಸ್ ಬರುತ್ತದೆ. ಹಾಗಾಗಿ ಗೇಟು ತೆಗೆದು ರಸ್ತೆಗೇ ಹೋಗಬೇಕು. ಒಂದು ಕೈಯಲ್ಲಿ ಸ್ಪ್ರೇ ಡಬ್ಬ, ಹೆಗಲ ಮೇಲೆ ಬಟ್ಟೆ, ಮುಂಗಾಲಲ್ಲಿ ಕೂತು ಎದ್ದು, ಕೂತು ಎದ್ದು. ನೋಡುವವರಿಗೆ ಬೈಕಿಗೆ ಪೂಜೆ ಮಾಡುತ್ತಿದ್ದಾನೆ ಅನ್ನಿಸಿರಬೇಕು.

ಚೈನ್ ಒಂದೇ ಅಲ್ಲ. ಟೈರಿಗೆ ಗಾಳಿ ಹಿಡಿಸಲು ಹೋದರೆ ವಾಲ್ವು ಸರಿಯಾಗಿ ಬ್ರೇಕ್ ಕ್ಯಾಲಿಪರ್ ಹಿಂದೆ ಬಂದು ಕೂತಿರುತ್ತದೆ. ತಳ್ಳು. ಮೊಳೆ ಚುಚ್ಚಿದೆಯಾ ನೋಡಬೇಕು ಅಂದರೆ ತಳ್ಳು. ಎಂಜಿನ್ ಆಯಿಲ್ ನೋಡುವ ಗಾಜಿನ ಕಿಂಡಿ ಬಲಗಡೆ ಕೆಳಗಿದೆ, ಬೈಕು ನೆಟ್ಟಗೆ ನಿಂತಿರಬೇಕು. ನೆಟ್ಟಗೆ ಹಿಡಿಯುವವನು ಮೇಲೆ ಕೂತಿರುತ್ತಾನೆ, ಕಿಂಡಿ ಅವನ ಕಾಲಿನ ಕೆಳಗೆ. ನೋಡುವುದು ಹೇಗೆ? ನಾನು ಫೋನನ್ನು ಕೆಳಗೆ ಇಳಿಸಿ ಅಂದಾಜಿನ ಮೇಲೆ ಫೋಟೋ ತೆಗೆಯುತ್ತೇನೆ. ನನ್ನ ಫೋನಿನಲ್ಲಿ ಮಗಳ ಫೋಟೋಗಿಂತ ಆಯಿಲ್ ಕಿಂಡಿಯ ಫೋಟೋಗಳೇ ಜಾಸ್ತಿ ಅಂತ ಹೆಂಡತಿ ಹೇಳುತ್ತಾಳೆ. ಮೆತ್ತನೆ ಮಣ್ಣಿನಲ್ಲಿ ನಿಲ್ಲಿಸಿದರೆ ಸೈಡ್ ಸ್ಟ್ಯಾಂಡು ಇಳಿಯುತ್ತದೆ. ಅದಕ್ಕೆಂದೇ ಬ್ಯಾಗಿನಲ್ಲಿ ಒಂದು ದಪ್ಪ ಪ್ಲಾಸ್ಟಿಕ್ ಮುಚ್ಚಳ ಯಾವಾಗಲೂ ಇರುತ್ತದೆ.

ಆಮೇಲಾದರೂ ಹಾಕಿಸೋಣ ಅಂತ ಸರ್ವಿಸಿನಲ್ಲಿ ಕೇಳಿದೆ. ಆಗಲ್ಲ ಅಂದರು. ಸ್ಟ್ಯಾಂಡ್ ಮಡಚಿ ಕೂರಬೇಕಾದ ಜಾಗದಲ್ಲಿ ಸೈಲೆನ್ಸರಿನ ಡಬ್ಬ ಕೂತಿದೆ. ತೂಕ ಉಳಿಯುತ್ತದೆ, ತಿರುವಿನಲ್ಲಿ ವಾಲಿಸಿದಾಗ ಕೆಳಗೆ ತಾಗುವುದಿಲ್ಲ ಅಂತ ಕಾರಣ ಕೊಟ್ಟರು. ಸ್ವಾಮಿ, ನಾನು ವಾಲಿಸುವುದು ಆಫೀಸಿನ ಪಾರ್ಕಿಂಗಿಗೆ ತಿರುಗುವಾಗ. ಅಲ್ಲಿ ಏನು ತಾಗುತ್ತದೆ?

‘ಶಾಫ್ಟ್ ಇರೋ ಬೈಕ್ ತಗೋ, ಚೈನ್ ಕಾಟವೇ ಇಲ್ಲ’ ಅಂತ ಒಬ್ಬ ಗೆಳೆಯನ ಉಪದೇಶ. ಶಾಫ್ಟ್ ಅಂದರೆ ಚೈನಿನ ಬದಲು ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ, ತಿರುಗುವ ದಂಡ. ಅವನು ಹೇಳುವುದು ಸುಳ್ಳಲ್ಲ. ಬಿಎಂಡಬ್ಲ್ಯು 1923ರಲ್ಲೇ ತನ್ನ ಆರ್32ಗೆ ಶಾಫ್ಟ್ ಹಾಕಿತ್ತು. ಆದರೆ ಶಾಫ್ಟ್ ಬೈಕು ಭಾರ, ಬೆಲೆಯೂ ಭಾರ. ನನ್ನ ಬಜೆಟ್ಟು ಚೈನಿಗೇ ಮುಗಿದಿತ್ತು.

ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ, ಬೈಕಿನಿಂದ ಬೇರೆಯೇ ಇರುವ ಪ್ಯಾಡಾಕ್ ಸ್ಟ್ಯಾಂಡ್ ಅನ್ನೋದೊಂದಿದೆ ಅಂತ ಗೊತ್ತಾಗಿದ್ದು ರೇಸಿನಲ್ಲಿ. ಅದಕ್ಕೂ ಮೊದಲು ರೇಸ್ ನೋಡುವುದು ಅಂದರೆ ನನಗೆ ಟಿವಿ. ಟಿವಿಯಲ್ಲಿ ಯಾರು ಮುಂದೆ, ಯಾರು ಹಿಂದೆ ಎಲ್ಲ ಗೊತ್ತಾಗುತ್ತದೆ, ವೇಗ ಮಾತ್ರ ಗೊತ್ತಾಗುವುದಿಲ್ಲ. ಟ್ರ್ಯಾಕಿಗೆ ಹೋದರೆ ಉಲ್ಟಾ. ನೀವು ನಿಂತ ಒಂದು ತಿರುವು ಬಿಟ್ಟರೆ ಏನೂ ಕಾಣದು. ಮೂರನೇ ಲ್ಯಾಪಿನ ಹೊತ್ತಿಗೆ ಯಾರು ಎಷ್ಟನೆಯವರು ಅನ್ನುವ ಲೆಕ್ಕ ತಪ್ಪಿರುತ್ತದೆ. ಆದರೆ ಇಪ್ಪತ್ತು ಬೈಕುಗಳು ಒಟ್ಟಿಗೆ ಬ್ರೇಕ್ ಹಿಡಿದು, ಗೇರು ಇಳಿಸುತ್ತಾ ಆ ತಿರುವಿಗೆ ನುಗ್ಗಿದಾಗ ಸದ್ದು ಕಿವಿಗಲ್ಲ, ಎದೆಗೆ ಬಡಿಯುತ್ತದೆ. ಇಯರ್‌ಪ್ಲಗ್ ತಗೊಂಡು ಹೋಗಿ, ಮರೆಯಬೇಡಿ. ಇನ್ನೊಂದು ಮಾತು. ರೇಸಿನ ದಿನಕ್ಕಿಂತ ಪ್ರಾಕ್ಟೀಸಿನ ದಿನ ಹೋಗುವುದು ಮೇಲು. ಜನ ಕಡಿಮೆ, ಬೇರೆ ಬೇರೆ ತಿರುವಿನಲ್ಲಿ ನಿಂತು ನೋಡಬಹುದು.

ನಾನು ಹೋಗಿದ್ದು ಮೋಟೋಜಿಪಿಯಂಥ ವಿಶ್ವ ಮಟ್ಟದ್ದಲ್ಲ, ಚಿಕ್ಕ ಮಟ್ಟದ ರೇಸು. ಅಲ್ಲಿ ತಂಡಗಳು ಬೈಕು ರೆಡಿ ಮಾಡುವ ಜಾಗದಲ್ಲಿ, ಅಂದರೆ ಪ್ಯಾಡಾಕಿನಲ್ಲಿ, ಸುಮ್ನೆ ಅಡ್ಡಾಡಬಹುದಿತ್ತು. ಗೆಳೆಯರೆಲ್ಲ ಸ್ಟಾರ್ಟ್ ನೋಡಲು ಓಡಿದರು. ನಾನು ಒಂದು ಟೆಂಟಿನ ಮುಂದೆ ನಿಂತುಬಿಟ್ಟೆ. ಒಬ್ಬ ಮೆಕ್ಯಾನಿಕ್ ಬೈಕಿನ ಹಿಂದೆ ಯು ಆಕಾರದ ಒಂದು ಸ್ಟ್ಯಾಂಡ್ ತಂದ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮಿನ ಎರಡೂ ಕಡೆ ಇದ್ದ ಬಾಬಿನ್ ಅನ್ನುವ ಚಿಕ್ಕ ಗುಬಟಿಗೆ ಸಿಕ್ಕಿಸಿ ಹಿಡಿ ಕೆಳಗೆ ಒತ್ತಿದ, ಅಷ್ಟೇ. ಬೈಕು ಮೇಲೆ. ಬೆರಳ ತುದಿಯಲ್ಲಿ ಚಕ್ರ ತಳ್ಳಿದ, ಅದು ತಿರುಗುತ್ತಲೇ ಇತ್ತು. ಬಟ್ಟೆಯಲ್ಲಿ ಚೈನ್ ಒರೆಸಿದ. ಹಿಂದಿನ ಸ್ಪ್ರಾಕೆಟ್ ಬಿಚ್ಚಿ ಒಂದು ಹಲ್ಲು ಕಡಿಮೆ ಇರುವುದನ್ನು ಹಾಕಿದ. ಆ ಟ್ರ್ಯಾಕಿನ ನೇರ ದಾರಿಯ ಕೊನೆಗೆ ಬರುವಷ್ಟರಲ್ಲಿ ಎಂಜಿನ್ನು ಮೇಲಿನ ಗೇರಿನಲ್ಲೂ ಲಿಮಿಟ್ ಮುಟ್ಟುತ್ತಿತ್ತಂತೆ. ಇಂಥ ಒಂದು ಹಲ್ಲಿನ ಆಟ ಶಾಫ್ಟಿನಲ್ಲಿ ಆಗುವುದಿಲ್ಲ. ಚೈನು ಹಗುರ, ಅದರಲ್ಲಿ ಶಕ್ತಿ ಪೋಲಾಗುವುದೂ ಕಡಿಮೆ. 157 ಕೆ.ಜಿ. ಕನಿಷ್ಠ ತೂಕದ ಮೋಟೋಜಿಪಿ ಬೈಕಿನಲ್ಲೂ ಇರುವುದು ಚೈನೇ.

ಇನ್ನೊಂದು ಕಂಡಿತು. ಆ ಬೈಕಿಗೆ ಸೈಡ್ ಸ್ಟ್ಯಾಂಡೂ ಇರಲಿಲ್ಲ. ನನ್ನದು ವಾಸಿ ಅನ್ನಿಸಿತು.

ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನಡೆಯುವ ಟಿಟಿ ಬೈಕ್ ರೇಸಿನ ವಿಡಿಯೋಗಳನ್ನೂ ಅಂದಿನಿಂದ ಬೇರೆ ಕಣ್ಣಲ್ಲಿ ನೋಡುತ್ತೇನೆ. ಸಾಮಾನ್ಯ ರಸ್ತೆಯ ಮೇಲೆ 60 ಕಿ.ಮೀ. ದಾಟಿದ ಒಂದು ಲ್ಯಾಪ್. 2023ರಲ್ಲಿ ಪೀಟರ್ ಹಿಕ್‌ಮನ್ ಅದನ್ನು ಗಂಟೆಗೆ ಸರಾಸರಿ 219 ಕಿ.ಮೀ. ವೇಗದಲ್ಲಿ ಮುಗಿಸಿದರು. ಬಲಾಫ್ ಸೇತುವೆಯ ಮೇಲೆ ಬೈಕು ಗಾಳಿಗೆ ಹಾರಿ ಧೊಪ್ಪನೆ ಇಳಿಯುವುದನ್ನು ಎಲ್ಲರೂ ಬಾಯಿ ಬಿಟ್ಟು ನೋಡುತ್ತಾರೆ. ನಾನು ಮಾತ್ರ ಅಯ್ಯೋ ಚೈನು ಅಂದುಕೊಳ್ಳುತ್ತೇನೆ.

ಮನೆಗೆ ಬಂದವನೇ ಪ್ಯಾಡಾಕ್ ಸ್ಟ್ಯಾಂಡ್ ಕೊಂಡೆ. ಇಲ್ಲಿ ನನ್ನ ಜಿಪುಣತನ ಹೇಳಿಕೊಳ್ಳಬೇಕು. ಬಾಬಿನ್ನಿಗೆ ಬೇರೆ ದುಡ್ಡು ಯಾಕೆ ಅಂತ, ರಬ್ಬರ್ ಪ್ಯಾಡಿನ ಮೇಲೆ ಸ್ವಿಂಗ್‌ಆರ್ಮ್ ಕೂರಿಸುವ ಅಗ್ಗದ್ದನ್ನು ತಂದೆ. ಒಬ್ಬನೇ ಇದ್ದೆ. ಎಡಗಡೆ ನಿಂತು, ಬೈಕನ್ನು ನೆಟ್ಟಗೆ ಮಾಡಿ, ಒಂದು ಕೈಯಲ್ಲಿ ಸೀಟಿನ ಹಿಂದಿನ ಹಿಡಿ, ಇನ್ನೊಂದರಲ್ಲಿ ಸ್ಟ್ಯಾಂಡು. ಒತ್ತಿದೆ. ಬಲಗಡೆಯ ಪ್ಯಾಡ್ ಜಾರಿತು. ಬೈಕು ನನ್ನಿಂದ ಆಚೆಗೆ, ನಿಧಾನಕ್ಕೆ ಮಲಗಿತು. ತಡೆಯಲು ಆಗಲಿಲ್ಲ. ಬ್ರೇಕ್ ಲಿವರಿನ ತುದಿ ಮುರಿಯಿತು, ಸೈಲೆನ್ಸರಿಗೆ ಅಂಗೈಯಗಲ ಗೀರು. ಸ್ಟ್ಯಾಂಡಿನದ್ದು ತಪ್ಪಿಲ್ಲ, ಬಾಬಿನ್ ಉಳಿಸಿದವನದ್ದೇ ತಪ್ಪು. ಆ ಗೀರು ಈಗಲೂ ಇದೆ.

ಅದಾದ ಮೇಲೆ ಸುಮಾರು ಒಂದು ವರ್ಷ ನಾನು ಚೈನಿನ ಮೇಲೆ ಮುನಿಸಿಕೊಂಡೆ. ಇದನ್ನು ಬರೆಯಲು ನಾಚಿಕೆ, ಆದರೂ ವಿಮರ್ಶೆ ಅಂದಮೇಲೆ ಬರೆಯಬೇಕಲ್ಲ. ಇದ್ದ 2 ಮೀಟರಿನಲ್ಲಿ ಎಷ್ಟು ಲಿಂಕು ಸಿಗುತ್ತದೋ ಅಷ್ಟಕ್ಕೆ ಹೊಡೆಯುವುದು, ಉಳಿದದ್ದು ದೇವರ ಮೇಲೆ. ಫಲ ಸಿಕ್ಕಿತು. 17,000 ಕಿ.ಮೀ.ಗೇ ಮೊದಲ ಚೈನು ಸತ್ತಿತು. ಕೆಳಗಿನ ಎಳೆಯನ್ನು ಬೆರಳಲ್ಲಿ ಎತ್ತಿ ನೋಡಿದರೆ ಒಂದು ಕಡೆ ಬಿಗಿ, ಸ್ವಲ್ಪ ತಳ್ಳಿ ನೋಡಿದರೆ ಜೋಲು. ಬಿಗಿಗೆ ಸರಿ ಮಾಡಿದರೆ ಜೋಲಿದ್ದ ಕಡೆ ಕಟಕಟ, ಜೋಲಿಗೆ ಸರಿ ಮಾಡಿದರೆ ಬಿಗಿಯಿದ್ದ ಕಡೆ ಗೇರ್‌ಬಾಕ್ಸಿನ ಬೇರಿಂಗಿಗೆ ಪೆಟ್ಟು.

ಚೈನ್ ಹಿಗ್ಗಿತು ಅನ್ನುತ್ತೇವೆ. ಕಬ್ಬಿಣ ಹಿಗ್ಗುವುದಿಲ್ಲ. ಒಳಗಿನ ಪಿನ್ನು, ಬುಷ್ಷು ಸವೆಯುತ್ತವೆ. ಒಂದೊಂದು ಕೀಲು 0.1 ಮಿ.ಮೀ. ಸವೆದರೂ 114 ಕೀಲಿಗೆ 11 ಮಿ.ಮೀ. ಆಯಿತಲ್ಲ. ಓ-ರಿಂಗ್ ಚೈನಿನಲ್ಲಿ ಆ ಪಿನ್ನಿಗೆ ಬೇಕಾದ ಗ್ರೀಸನ್ನು ಫ್ಯಾಕ್ಟರಿಯಲ್ಲೇ ತುಂಬಿ, ರಬ್ಬರ್ ಉಂಗುರದಲ್ಲಿ ಮುಚ್ಚಿರುತ್ತಾರೆ. ನಾವು ಹೊರಗೆ ಹೊಡೆಯುವುದು ರೋಲರಿಗೆ, ಸ್ಪ್ರಾಕೆಟ್ಟಿಗೆ, ತುಕ್ಕು ಹಿಡಿಯದಿರಲಿಕ್ಕೆ, ಆ ಉಂಗುರ ಒಣಗಿ ಬಿರಿಯದಿರಲಿಕ್ಕೆ. ಉಂಗುರ ಹೋದರೆ ಒಳಗಿನ ಗ್ರೀಸೂ ಹೋಯಿತು. ಅದಕ್ಕೇ ಪೆಟ್ರೋಲ್ ಹಾಕಿ, ತಂತಿ ಬ್ರಷ್ಷಿನಲ್ಲಿ ಉಜ್ಜಬಾರದು.

ಎರಡನೇ ಚೈನ್ ಹಾಕಿಸಿದ ದಿನವೇ ಬಾಬಿನ್ ಹಾಕಿಸಿದೆ. ಮಗಳಿಗೆ ಆಗ ಎಂಟು ವರ್ಷ. ಕೆಲಸ ಹಂಚಿಕೊಂಡೆವು. ನಾನು ಎತ್ತುವಾಗ ಹೆಂಡತಿ ಬಲಗಡೆ ನಿಂತು ಸೀಟಿನ ಮೇಲೆ ಕೈ ಇಟ್ಟಿರುತ್ತಾಳೆ. ಒಂದೇ ನಿಮಿಷ, ಆಮೇಲೆ ಅವಳು ಒಳಗೆ. ಮಗಳು ಒಂದು ಲಿಂಕಿನ ಮೇಲೆ ಬಿಳಿ ಪೇಂಟಿನಲ್ಲಿ ಚುಕ್ಕಿ ಇಟ್ಟಿದ್ದಾಳೆ, ಸುತ್ತು ಮುಗಿದದ್ದು ಗೊತ್ತಾಗಲಿ ಅಂತ. ಒಂದು ಸುತ್ತು ಓಡಿಸಿಕೊಂಡು ಬಂದು, ಚೈನ್ ಬೆಚ್ಚಗಿರುವಾಗಲೇ ಶುರು. ಟೈರಿಗೆ ಹಾರದಂತೆ ಹಿಂದೆ ಹಳೆ ಪೇಪರ್ ಹಿಡಿಯುವುದು ಅವಳ ಕೆಲಸ. ನಾನು ಕೆಳಗಿನ ಎಳೆಯ ಒಳಮೈಗೆ ಹೊಡೆಯುತ್ತೇನೆ. ಓಡುವಾಗ ಅದು ತಾನಾಗೇ ಹೊರಗೆ ಹರಡಿಕೊಳ್ಳುತ್ತದೆ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಚಕ್ರ ತಿರುಗಿಸುವುದು ನಾನು, ಕೈಯಲ್ಲೇ. ಎಂಜಿನ್ ಚಾಲೂ ಮಾಡಿ ಗೇರಿನಲ್ಲಿ ಚಕ್ರ ತಿರುಗಿಸುತ್ತಾ ಬಟ್ಟೆ ಹಿಡಿಯುವವರ ಬೆರಳು ಸ್ಪ್ರಾಕೆಟ್ಟಿಗೆ ಹೋಗುತ್ತದೆ. ದಯವಿಟ್ಟು ಬೇಡ. ‘ಅಪ್ಪಾ, ಚುಕ್ಕಿ ಬಂತು!’ ಅಂದರೆ ಒಂದು ಸುತ್ತು. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒರೆಸಿದರೆ ಮುಗಿಯಿತು.

ಚಕ್ರ ಮೇಲಿದ್ದರೆ ಬೇರೆ ಎಷ್ಟೋ ಕಾಣುತ್ತದೆ. ಒಮ್ಮೆ ಟೈರಿನ ಸಾಲಿನಲ್ಲಿ ಸಿಕ್ಕಿದ್ದ ಮೊಳೆಯನ್ನು ಅವಳೇ ಹಿಡಿದಳು, ಇನ್ನೂ ಒಳಗಿಳಿದಿರಲಿಲ್ಲ. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಅಂತ ಟಾರ್ಚ್ ಬಿಟ್ಟು ನೋಡುವುದನ್ನೂ ಕಲಿತಿದ್ದಾಳೆ.

ಎರಡನೇ ಚೈನು 30,600 ಕಿ.ಮೀ. ಓಡಿದೆ. ಸಿಟ್ಟು ಇಳಿದಿದೆ, ನಿಜ. ಆದರೂ ಅಂಕ ಕೊಡುವಾಗ ಐದಕ್ಕೆ ನಾಲ್ಕೇ. ಪ್ಯಾಡಾಕ್ ಸ್ಟ್ಯಾಂಡನ್ನು ಬೆನ್ನಿಗೆ ಕಟ್ಟಿಕೊಂಡು ದೂರದ ಊರಿಗೆ ಹೋಗಲು ಆಗುವುದಿಲ್ಲ. ಅಲ್ಲಿ ಈಗಲೂ ಕೂತು ಎದ್ದು, ಕೂತು ಎದ್ದು. ದಿನಾ ಆಫೀಸಿಗೆ, ಆಗೊಮ್ಮೆ ಈಗೊಮ್ಮೆ ದೂರ ಓಡಿಸುವವರಿಗೆ ಮಾರುವ ಬೈಕಿಗೆ ರೇಸಿನ ವೇಷ ಹಾಕಿ ಸ್ಟ್ಯಾಂಡು ಕಿತ್ತಿದ್ದನ್ನು ಕ್ಷಮಿಸಿಲ್ಲ. ಮುಂದಿನ ಬೈಕಿಗೆ ಶೋರೂಮಿಗೆ ಹೋದರೆ ಕೂರುವ ಮೊದಲು ಬಗ್ಗುತ್ತೇನೆ.

ಸ್ಪ್ರಾಕೆಟ್ಟಿನ ಹಲ್ಲುಗಳು ಈಗ ಒಂದೇ ಕಡೆಗೆ ಬಾಗಿ ಚೂಪಾಗಿವೆ. ಮೂರನೇ ಸೆಟ್ಟು ಮೊನ್ನೆ ಬಂತು, ಡಬ್ಬದಲ್ಲೇ ಇದೆ. ಬರುವ ಭಾನುವಾರ ಹಾಕಿಸಬೇಕು. ಹಳೆಯ ಬಿಳಿ ಪೇಂಟ್ ಗಟ್ಟಿಯಾಗಿದೆಯಂತೆ, ಮಗಳು ಈ ಸಲ ಕೆಂಪು ಬೇಕು ಅಂದಿದ್ದಾಳೆ.