ಮಂಡೆಬಿಸಿಗೆ ಇಪ್ಪತ್ತು ನಿಮಿಷ: ತಿರುಗಿಸಿ ಬಿಡುವ ಟೈಮರು, ಎರಡು ಮಳೆಗಾಲದ ಬಳಿಕ

ಮೊದಲು ದೂರನ್ನೇ ಹೇಳಿಬಿಡುತ್ತೇನೆ. ಇದರ ಟಿಕ್ ಟಿಕ್ ತಡೆಯುವುದಿಲ್ಲ. ಅಡುಗೆಮನೆಯ ಗದ್ದಲದಲ್ಲಿ ಗೊತ್ತೇ ಆಗದ ಸದ್ದು, ಸಂಜೆ ಚಾವಡಿಯ ಮರದ ಮೇಜಿನ ಮೇಲೆ ಇಟ್ಟರೆ ಆಚಾರಿ ಕೆಲಸಕ್ಕೆ ಕೂತ ಹಾಗೆ ಕೇಳುತ್ತದೆ. ಸದ್ದನ್ನು ದೊಡ್ಡದು ಮಾಡುವುದು ಮೇಜಿನ ಹಲಗೆ. ಬೈರಾಸನ್ನು (ಟವೆಲನ್ನು) ನಾಲ್ಕು ಮಡಿಕೆ ಮಾಡಿ ಅಡಿಗೆ ಹಾಕಿದರೆ ತುಂಬ ಇಳಿಯುತ್ತದೆ. ಸ್ಟೀಲ್ ಟೇಬಲ್ ಆದರೆ ಅದೂ ಸಾಲದು, ನಡುವೆ ದಪ್ಪದೊಂದು ಪುಸ್ತಕವೂ ಬೇಕು.

ಬ್ಯಾಟರಿ ಇಲ್ಲದ, 60 ನಿಮಿಷದ, ಮುನ್ನೂರು ರೂಪಾಯಿಯೊಳಗಿನ ಅಡುಗೆಮನೆ ಟೈಮರಿದು. ಕೊಂಡದ್ದು ಮೊಟ್ಟೆ ಬೇಯಿಸಲಿಕ್ಕಲ್ಲ, ಚಿಂತೆಗೊಂದು ಹೊತ್ತು ಗೊತ್ತು ಮಾಡಲಿಕ್ಕೆ. ವಿಧಾನ ಹಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ್ದು. ದಿನಕ್ಕೆ 30 ನಿಮಿಷ, ಒಂದೇ ಜಾಗ, ಒಂದೇ ಹೊತ್ತು. ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಆ ಹೊತ್ತಿಗೆ ಮುಂದೂಡುವುದು. ಹಾಸಿಗೆ, ಬಚ್ಚಲು, ಕಾಸರಗೋಡಿನ ಬದಿಯಡ್ಕದ ಬಸ್ಸು ಎಂದು ಕಂಡಲ್ಲೆಲ್ಲ ಚಿಂತೆ ಮಾಡುತ್ತಿದ್ದರೆ ಆಮೇಲೆ ಆ ಜಾಗಗಳೇ ಚಿಂತೆಯನ್ನು ಎಬ್ಬಿಸತೊಡಗುತ್ತವೆ. ಅದಕ್ಕೇ ಒಂದು ಕುರ್ಚಿಗೆ ಕಟ್ಟಿಹಾಕುವುದು. ಅರ್ಧ ಗಂಟೆ ಕೂರಲು ಉದಾಸೀನ ಆಗುವವರಿಗೆ (ನಮ್ಮ ಕಡೆಯ ಅರ್ಥದ ಉದಾಸೀನ, ಅಂದರೆ ಸೋಮಾರಿತನ, ಪುಸ್ತಕದ್ದಲ್ಲ) 20 ನಿಮಿಷ ಸಾಕು.

ಕ್ರಮ ಹೀಗೆ. ಹಗಲು ಮಂಡೆಬಿಸಿ ಆದಾಗೆಲ್ಲ ಕಿಸೆಯ ಚೀಟಿಯಲ್ಲಿ ಎರಡೇ ಶಬ್ದ: "ಅಡಿಕೆ ಮದ್ದು", "ಮಲಯಾಳ ಕಾಗದ". ಬರೆದು, ಮಾಡುತ್ತಿದ್ದ ಕೆಲಸಕ್ಕೆ ವಾಪಸು. ಸಂಜೆ ಚಾ ಆಗಿ, ದೀಪ ಹಚ್ಚುವ ಮೊದಲು ಚೀಟಿ, ನೋಟುಬುಕ್ಕು, ಟೈಮರು ಮೂರೂ ಮೇಜಿಗೆ. ಮುಳ್ಳನ್ನು ನೇರ 20ಕ್ಕೆ ತಂದು ಬಿಡಬಾರದು. ಪೂರ್ತಿ 60ರವರೆಗೆ ತಿರುಗಿಸಿ, ಆಮೇಲೆ ಹಿಂದೆ 20ಕ್ಕೆ ತರಬೇಕು. ಇಲ್ಲವಾದರೆ ಸ್ಪ್ರಿಂಗಿಗೆ ಬಿಗಿ ಸಾಲದೆ ಗಂಟೆ ಕೆಮ್ಮಿದ ಹಾಗೆ ಬಡಿಯುತ್ತದೆ, ಕೆಲವು ಸಲ ಬಡಿಯುವುದೇ ಇಲ್ಲ. ಒಂದೆರಡು ನಿಮಿಷ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಇಡ್ಲಿಗೆ ಅದು ತಪ್ಪು, ಚಿಂತೆಗೆ ನಡೆಯುತ್ತದೆ.

ಚೀಟಿಯ ಎರಡು ಶಬ್ದವನ್ನು ಪುಸ್ತಕದಲ್ಲಿ ಪೂರಾ ವಾಕ್ಯ ಮಾಡಬೇಕು. "ಏನಾಗುತ್ತದೋ" ಎಂದು ಬರೆದರೆ ಅದು ಮೂರು ದಿನ ಕಳೆದರೂ ಅಲ್ಲೇ ಇರುತ್ತದೆ. "ಮಳೆ ಹಿಡಿಯುವ ಮೊದಲು ಮದ್ದು ಬಿಡದಿದ್ದರೆ ಕೊಳೆರೋಗ ಬಂದೀತು" ಎಂದು ಬರೆದರೆ ಮುಂದಿನ ಸಾಲು ತಾನಾಗಿ ಬರುತ್ತದೆ: ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು, ಇದು ಮನೆಯಲ್ಲೇ ಉಂಟು, ಇಲ್ಲದ್ದು ಮರ ಹತ್ತುವ ಜನ, ನಾಳೆ ಬೆಳಿಗ್ಗೆ ಏಳಕ್ಕೆ ಫೋನು. ಓದಲು ಬಾರದ ಮಲಯಾಳದ ಕಾಗದಕ್ಕೆ: ಶನಿವಾರ ಅಕ್ಷಯ ಕೇಂದ್ರದಲ್ಲಿ (ಕೇರಳ ಸರಕಾರದ ಸೇವಾ ಕೇಂದ್ರ) ಓದಿಸುವುದು. ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ, ಉದಾಹರಣೆಗೆ ಅಡಿಕೆಯ ರೇಟಿಗೆ, ಪಕ್ಕದಲ್ಲಿ ಒಂದು ಗೀಟು ಹಾಕಿ ಬಿಡುವುದು. ಅದನ್ನೇ ಬೇಕಾದರೆ ಹತ್ತು ನಿಮಿಷ ಚಿಂತಿಸಬಹುದು. ಮಾಡಿ ನೋಡಿ, ಕಷ್ಟ. ಕೂತು ಚಿಂತೆ ಮಾಡು ಎಂದರೆ ಆರನೇ ನಿಮಿಷಕ್ಕೆ ಬೋರ್ ಹೊಡೆಯುತ್ತದೆ.

ಇಷ್ಟಕ್ಕೆ ಫೋನಿನ ಅಲಾರಂ ಸಾಲದೇ? ಸಾಲದು. ಅಲಾರಂ ಇಡಲು ಫೋನು ಕೈಗೆತ್ತಿಕೊಂಡಲ್ಲಿಗೆ ಕುಟುಂಬದ ವಾಟ್ಸಾಪ್ ಗ್ರೂಪು ತೆರೆದುಕೊಳ್ಳುತ್ತದೆ, ಚೀಟಿಗೆ ಹೊಸ ಎರಡು ಸಾಲು ಸೇರುತ್ತವೆ. ಈ ಟೈಮರಿನಲ್ಲಿ ಸ್ನೂಝ್ ಇಲ್ಲ. ಗಂಟೆ ಬಡಿದರೆ ಪುಸ್ತಕ ಮುಚ್ಚುವುದು, ವಾಕ್ಯ ಅರ್ಧವಾದರೂ. ಅರ್ಧ ವಾಕ್ಯ ನಾಳೆಗೆ ಒಳ್ಳೆಯ ಶುರು. ಚಿಂತೆ ಶುರು ಮಾಡಲು ಯಾರಿಗೂ ಯಂತ್ರ ಬೇಡ, ನಿಲ್ಲಿಸಲು ಬೇಕು. ಸದ್ದಿನ ಬಗ್ಗೆ ಮೇಲೆ ಬೈದದ್ದನ್ನು ಇಲ್ಲಿ ಸ್ವಲ್ಪ ಹಿಂದೆ ತೆಗೆದುಕೊಳ್ಳಬೇಕು. ಟಿಕ್ ಟಿಕ್ ಕೇಳುತ್ತಿದ್ದರೆ ಹೊತ್ತು ಸವೆಯುತ್ತಿದೆ ಎಂಬುದು ಕಿವಿಗೇ ಗೊತ್ತು, ಗಡಿಯಾರದ ಕಡೆ ಕತ್ತು ತಿರುಗಿಸುವ ಕೆಲಸ ಇಲ್ಲ.

ಜನ ಎಡವುವುದು ಎರಡು ಕಡೆ. ಒಂದು, ಮುಂದೂಡುವುದನ್ನು ಅದುಮುವುದು ಎಂದುಕೊಳ್ಳುವುದು. "ಯೋಚಿಸಲೇಬಾರದು" ಎಂದು ಹಟ ಹಿಡಿದರೆ ಅದೇ ಯೋಚನೆ ಮತ್ತೆ ಮತ್ತೆ ಬರುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ, ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಜನರಿಗೆ ಹೇಳಿ ಮಾಡಿದ ಪ್ರಯೋಗದಲ್ಲಿ ತೋರಿಸಿದ್ದು ಇದನ್ನೇ. "ಈಗ ಬೇಡ, ಸಂಜೆ" ಎನ್ನುವುದು ಬೇರೆ ಮಾತು. ಇನ್ನೊಂದು, ರಾತ್ರಿ ಊಟವಾಗಿ ಮಲಗುವ ಮೊದಲು ಕೂರುವುದು. ಪುಸ್ತಕ ಮುಚ್ಚಿದರೂ ತಲೆ ಮುಚ್ಚುವುದಿಲ್ಲ. ನಿದ್ದೆಗೂ ಇದಕ್ಕೂ ನಡುವೆ ಎರಡು ಮೂರು ಗಂಟೆ ಬೇಕು.

ಎರಡು ವಾರ ನಿರಂತರ ನಿದ್ದೆ, ಹಸಿವು ಕೆಟ್ಟಿದ್ದರೆ, ಜೀವ ಬೇಡ ಅನ್ನಿಸಿದ್ದರಂತೂ ಆ ಕ್ಷಣವೇ, ಈ ಟೈಮರು, ಪುಸ್ತಕ ಎಲ್ಲ ಬದಿಗಿಟ್ಟು ಡಾಕ್ಟರನ್ನು ಕಾಣಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿಯೂ ಉಂಟು, ದುಡ್ಡು ಕೊಡಬೇಕಾಗಿಲ್ಲ.

ಮಳೆಗಾಲದಲ್ಲಿ ಮಾತ್ರ ಸಹನೆ ಬೇಕು. ಆಟಿ ತಿಂಗಳ (ಜುಲೈ-ಆಗಸ್ಟಿನ) ಥಂಡಿಗೆ ಒಳಗಿನ ತಗಡು ತುಕ್ಕು ಹಿಡಿದು ಗಂಟೆಯ ಸ್ವರ ಕುಗ್ಗಿತು. ಅಚ್ಚಿನ ಬುಡಕ್ಕೆ ಹೊಲಿಗೆ ಮೆಶಿನಿನ ಎಣ್ಣೆ ಒಂದು ಹನಿ ಬಿಟ್ಟ ಮೇಲೆ ಸ್ವಲ್ಪ ಸರಿಯಾಯಿತು. ಕೈಗೆ ಸಿಗುತ್ತದೆಂದು ತೆಂಗಿನೆಣ್ಣೆ ಹಾಕಬೇಡಿ, ಧೂಳು ಸೇರಿ ಅಂಟಾಗುತ್ತದೆ. ಒಲೆಯ ಮೇಲಿನ ಶೆಲ್ಫಿನಲ್ಲಿ ಇಡಬಾರದು, ಆವಿ ನೇರ ಒಳಗೆ ಹೋಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ ಒಳ್ಳೆಯದು. ನೋಟುಬುಕ್ಕಿನ ಕಾಗದವೂ ಜೂನಿನಿಂದ ಮೆತ್ತಗಾಗಿ ಜೆಲ್ ಪೆನ್ನಿನ ಶಾಯಿ ಹರಡುತ್ತದೆ. ಸಾದಾ ಬಾಲ್ ಪೆನ್ನೋ ಪೆನ್ಸಿಲೋ ಸಾಕು.

ಐದರಲ್ಲಿ ಮೂರೂವರೆ. ಕೊಳ್ಳುವವರು ಅಂಗಡಿಯಲ್ಲೇ 60ಕ್ಕೆ ತಿರುಗಿಸಿ 5ಕ್ಕೆ ತಂದು ಗಂಟೆ ಕೇಳಿ ನೋಡಿ. ಅಂಗಡಿಯವರು ಅಷ್ಟು ಕಾಯಲು ಬಿಡದಿದ್ದರೆ 2ಕ್ಕೆ ತನ್ನಿ.